ಪ್ರಶಸ್ತಿ ಬಂತು, ಪುಸ್ತಕ ಓದಿದೆವೇ?



ಗಲ್ಫಿನಲ್ಲಿರುವ ನಮಗೆ ಊರಿನಿಂದ ಬರುವ ಬೇಡಿಕೆಗಳು ಹೊಸದಲ್ಲ. "ಉಮ್ರಾಕ್ಕೆ ಹೋದರೆ ನನಗೂ ದುಆ ಮಾಡು ಮೋನೆ, ಬರುವಾಗ ಸ್ವಲ್ಪ ಝಂಝಂ ನೀರು ತಾ" ಅಂತ ಹೇಳದ ಉಮ್ಮಂದಿರು, ನೆರೆಮನೆಯ ಅಜ್ಜಿಯಂದಿರು ಯಾರಿದ್ದಾರೆ? ವಯಸ್ಸಾದ ಕೆಲವರು ಮೆಲ್ಲಗೆ ಇನ್ನೊಂದು ಮಾತು ಸೇರಿಸುತ್ತಾರೆ: ಝಂಝಂನಲ್ಲಿ ಅದ್ದಿದ ಒಂದು ಕಫನ್ ಬಟ್ಟೆ. "ಆಯ್ತು, ತರ್ತೇನೆ" ಅನ್ನುತ್ತೇವೆ. ಆಮೇಲೆ ಮೊಬೈಲು, ಕಂಬಳಿ, ಹಾಲಿನ ಪುಡಿ, ಮಕ್ಕಳ ಚಾಕಲೇಟು ಎಲ್ಲ ಸೇರಿ ಲಗೇಜಿನ ತೂಕ ದಾಟಿಹೋಗುತ್ತದೆ. ಅಜ್ಜಿಯ ಮಾತು ರೂಮಿನಲ್ಲೇ ಉಳಿಯುತ್ತದೆ.

ಬಾನು ಮುಷ್ತಾಕ್ ಅವರ ಒಂದು ಕಥೆ ನಿಂತಿರುವುದೇ ಇಂಥದೊಂದು ಮರೆವಿನ ಮೇಲೆ. ಸ್ಥಿತಿವಂತ ಮನೆಯ ಹೆಂಗಸೊಬ್ಬಳು ಹಜ್ಜಿಗೆ ಹೊರಡುತ್ತಾಳೆ. ಬಡ ಮುದುಕಿಯೊಬ್ಬಳು ಆಕೆಯ ಬಳಿ ಝಂಝಂನಲ್ಲಿ ಅದ್ದಿದ ಕಫನ್ ತಂದುಕೊಡಲು ಬೇಡಿಕೊಳ್ಳುತ್ತಾಳೆ. ಖರೀದಿಯ ಗಡಿಬಿಡಿಯಲ್ಲಿ ಇವಳಿಗೆ ಅದು ಮರೆತುಹೋಗುತ್ತದೆ. ಕೊನೆಗೆ ಮುದುಕಿ ತೀರಿಕೊಂಡ ಸುದ್ದಿ ಬರುತ್ತದೆ, ಕಫನ್ ಮಾತ್ರ ಬಂದಿಲ್ಲ. ಕಥೆಯಲ್ಲಿ ದೊಡ್ಡ ಅಪರಾಧ ಯಾವುದೂ ನಡೆಯುವುದಿಲ್ಲ. ನಾವು ದಿನನಿತ್ಯ ಮಾಡುವಂಥ ಒಂದು ಸಣ್ಣ ತಪ್ಪು. ಓದಿ ಮುಗಿಸಿದ ಮೇಲೆ ಮನಸ್ಸು ಬೇಗ ತಿಳಿಯಾಗುವುದಿಲ್ಲ.

ಈ ಕಥೆಯೂ ಸೇರಿದ 'ಹಾರ್ಟ್ ಲ್ಯಾಂಪ್' ಎಂಬ ಸಂಕಲನಕ್ಕೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. 1990ರಿಂದ 2023ರವರೆಗೆ ಬರೆದ 12 ಕಥೆಗಳು. ಕನ್ನಡದ ಕೃತಿಯೊಂದಕ್ಕೆ ಈ ಪ್ರಶಸ್ತಿ ಸಿಕ್ಕಿದ್ದು ಇದೇ ಮೊದಲು, ಸಣ್ಣ ಕಥೆಗಳ ಸಂಕಲನಕ್ಕೂ ಇದೇ ಮೊದಲು. 50 ಸಾವಿರ ಪೌಂಡುಗಳ ಬಹುಮಾನವನ್ನು ಲೇಖಕಿಗೂ ಇಂಗ್ಲಿಷಿಗೆ ಅನುವಾದಿಸಿದ ಮಡಿಕೇರಿಯ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಲಾಯಿತು. ಆಗ ಬಾನು ಅವರಿಗೆ 77 ವರ್ಷ.

ಆ ವಾರ ನಮ್ಮ ವಾಟ್ಸಾಪ್ ಗುಂಪುಗಳು ಹೇಗಿದ್ದವು ಅಂತ ನೆನಪಿದೆಯಲ್ಲ? ಎಲ್ಲರ ಸ್ಟೇಟಸ್ಸಿನಲ್ಲೂ ಅವರದೇ ಫೋಟೋ. "ನಮ್ಮವರು", "ಮಾಷಾ ಅಲ್ಲಾಹ್", "ಹೆಮ್ಮೆಯ ಕ್ಷಣ". ನಾವೂ ಹಾಕಿದ್ದೆವು. ಸೆಪ್ಟೆಂಬರಿನಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದಾಗ ಮತ್ತೆ ಗುಂಪುಗಳು ಬಿಸಿಯಾದವು. ಮುಸ್ಲಿಂ ಹೆಂಗಸು ಚಾಮುಂಡಿ ಬೆಟ್ಟಕ್ಕೆ ಬರಬಾರದು ಅಂತ ಹೊರಗಿನವರು ಕೋರ್ಟಿಗೆ ಹೋದರು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಆ ಅರ್ಜಿಗಳನ್ನು ತಳ್ಳಿಹಾಕಿದವು, 22ರಂದು ಅವರು ದಸರಾ ಉದ್ಘಾಟಿಸಿದರು. ಅದೇ ಹೊತ್ತಿಗೆ ನಮ್ಮೊಳಗಿನ ಕೆಲವರು "ಈಕೆಗೆ ಅಲ್ಲೇನು ಕೆಲಸ" ಅಂತ ಕೇಳಿದರು. ಹೊಗಳಿದವರು, ತೆಗಳಿದವರು ಎಲ್ಲ ಸೇರಿ ಸಾವಿರಾರು ಮೆಸೇಜು ಕಳಿಸಿದೆವು. ಇವರಲ್ಲಿ ಒಂದು ಕಥೆಯನ್ನಾದರೂ ಓದಿದವರು ಎಷ್ಟು ಮಂದಿ? ನಮ್ಮ ಬಳಗದಲ್ಲೇ ಕೇಳಿ ನೋಡಿದೆವು. ಎರಡು ಕೈ ಬೆರಳುಗಳು ಬೇಕಾಗಲಿಲ್ಲ.

ಇದನ್ನು ಯಾರನ್ನೂ ನಾಚಿಸಲು ಬರೆಯುತ್ತಿಲ್ಲ. ಹನ್ನೆರಡು ಗಂಟೆ ಡ್ಯೂಟಿ, ಎರಡು ಗಂಟೆ ಬಸ್ಸು, ಆಮೇಲೆ ಅಡುಗೆ, ಊರಿಗೆ ಫೋನು. ಪುಸ್ತಕ ಹಿಡಿಯುವ ಹೊತ್ತಿಗೆ ಕಣ್ಣು ಮುಚ್ಚುತ್ತದೆ. ಅದು ನಿಜ. ಆದರೆ ಓದದೇ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. ಆ ಕಥೆಗಳು ಹೇಳುವುದು ನಮ್ಮ ಮನೆಯ ಒಳಕೋಣೆಯ ಮಾತನ್ನು. ಅದನ್ನು ಕೇಳಿಸಿಕೊಳ್ಳಲು ನಮಗೆ ಸ್ವಲ್ಪ ಹೆದರಿಕೆ.

"ನಮ್ಮ ಸಮುದಾಯದ ಕುಂದು ಕೊರತೆಗಳನ್ನು ಬರೆದರೆ ಆಡಿಕೊಳ್ಳುವವರ ಬಾಯಿಗೆ ಎಲೆಅಡಿಕೆ ಹಾಕಿದ ಹಾಗಾಗುವುದಿಲ್ಲವೇ?" ಎಂದು ಹಿರಿಯರೊಬ್ಬರು ನಮ್ಮಲ್ಲಿ ಕೇಳಿದರು. ಕರಾವಳಿಯ ಇವತ್ತಿನ ಪರಿಸ್ಥಿತಿ ನೋಡಿದರೆ ಇದು ತೆಗೆದುಹಾಕುವ ಮಾತಲ್ಲ. ಆದರೆ ನಮ್ಮನ್ನು ದ್ವೇಷಿಸುವವರಿಗೆ ಕಥೆ ಪುಸ್ತಕದ ಅಗತ್ಯ ಯಾವತ್ತೂ ಬಿದ್ದಿಲ್ಲ. ಅವರು ಓದಿ ದ್ವೇಷಿಸಿದವರಲ್ಲ. ಇನ್ನು ಬಾನು ಅವರ ತಕರಾರು ಯಾರ ಮೇಲೆ? 'ಕರಿ ನಾಗರಗಳು' ಕಥೆಯಲ್ಲಿ ಗಂಡ ಬಿಟ್ಟುಹೋದ ಹೆಣ್ಣು ಕೈಯಲ್ಲಿ ಖಾಯಿಲೆಯ ಮಗು ಹಿಡಿದು ಮಸೀದಿಯ ಮುಂದೆ ಬಂದು ಕೂರುತ್ತಾಳೆ. ಅವಳು ಕೇಳುವುದು ದೀನು ತನಗೆ ಕೊಟ್ಟಿರುವ ಹಕ್ಕನ್ನೇ. ಕೊಡಿಸಬೇಕಾದ ಮುತವಲ್ಲಿ ಮುಖ ತಿರುಗಿಸುತ್ತಾನೆ. ಗಿರೀಶ್ ಕಾಸರವಳ್ಳಿ ಈ ಕಥೆಯಿಂದಲೇ 2004ರಲ್ಲಿ 'ಹಸೀನಾ' ಸಿನಿಮಾ ಮಾಡಿದರು, ಅದರಲ್ಲಿ ನಟಿಸಿದ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇಲ್ಲಿ ಕಟಕಟೆಯಲ್ಲಿ ನಿಂತಿರುವುದು ದೀನಲ್ಲ, ದೀನಿನ ಹೆಸರಿನಲ್ಲಿ ಕುರ್ಚಿ ಹಿಡಿದು ಕೆಲಸ ಮಾಡದವರು.

ಇಂಥದನ್ನು ಬರೆದವರ ಜೊತೆ ನಾವು ಚೆನ್ನಾಗಿ ನಡೆದುಕೊಂಡಿಲ್ಲ ಎಂಬುದನ್ನೂ ಒಪ್ಪಿಕೊಳ್ಳೋಣ. ಹೆಂಗಸರಿಗೂ ಮಸೀದಿಗೆ ಪ್ರವೇಶ ಬೇಕು ಅಂದಿದ್ದಕ್ಕೆ 2000ದಲ್ಲಿ ಬಾನು ಅವರ ಕುಟುಂಬಕ್ಕೆ ಸಾಮಾಜಿಕ ಬಹಿಷ್ಕಾರ ಹಾಕಲಾಗಿತ್ತು. ಒಬ್ಬ ಚಾಕು ಹಿಡಿದು ಬಂದದ್ದೂ ಉಂಟು. ಇವತ್ತು ಉಮ್ರಾಕ್ಕೆ ಹೋದ ನಮ್ಮ ಮನೆಯ ಹೆಂಗಸರು ಹರಮಿನಲ್ಲಿ ಜಮಾಅತಿನ ಜೊತೆ ನಮಾಝ್ ಮಾಡಿ ಬರುವುದನ್ನು ನೋಡುವಾಗ, ಆ ಸಿಟ್ಟು ಯಾವುದಕ್ಕಾಗಿತ್ತು ಅಂತ ಅನಿಸುತ್ತದೆ. ನಮ್ಮದೇ ಕರಾವಳಿಯ ಸಾರಾ ಅಬೂಬಕ್ಕರ್ ಅವರೂ ಬಾನು ಅವರ ಹಾಗೆಯೇ ಲಂಕೇಶ್ ಪತ್ರಿಕೆಯ ಮೂಲಕ ಓದುಗರನ್ನು ಮುಟ್ಟಿದವರು. 'ಚಂದ್ರಗಿರಿಯ ತೀರದಲ್ಲಿ' ಬಂದ ಕಾಲದಲ್ಲಿ ಅವರು ಕೇಳಿದ ಬೈಗುಳ ಎಷ್ಟೋ. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಹೊಗಳಿದೆವು. ಬದುಕಿದ್ದಾಗ ಕಲ್ಲು, ಸತ್ತ ಮೇಲೆ ಹೂವು ಎಂಬುದು ಒಳ್ಳೆಯ ರೂಢಿಯಲ್ಲ.

ಈಗ ನಮ್ಮ ಕಡೆಗೆ ಬರೋಣ. ಬಾನು ಅವರ ಮನೆಮಾತು ದಖ್ಖನಿ ಉರ್ದು, ಬರೆದದ್ದು ಕನ್ನಡದಲ್ಲಿ. ನಮ್ಮ ಮನೆಮಾತು ಬ್ಯಾರಿ, ಓದು ಬರಹ ಕನ್ನಡ. ಈ ಎರಡು ನಾಲಿಗೆಯ ಬದುಕು ನಮಗೆ ಗೊತ್ತಿಲ್ಲದ್ದೇನಲ್ಲ. ಬೊಳುವಾರು ಮಹಮದ್ ಕುಂಞಿ ಅವರು ಮುತ್ತುಪ್ಪಾಡಿ ಎಂಬ ಊರನ್ನೇ ಕನ್ನಡದಲ್ಲಿ ಕಟ್ಟಿದರು, 'ಸ್ವಾತಂತ್ರ್ಯದ ಓಟ'ಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಫಕೀರ್ ಮುಹಮ್ಮದ್ ಕಟ್ಪಾಡಿ ಅವರ ಕಥೆಗಳೂ ನಮ್ಮ ಓಣಿಗಳಿಂದಲೇ ಎದ್ದು ಬಂದವು. ಆದರೆ ಗಲ್ಫಿಗೆ ಬಂದ ಬ್ಯಾರಿಯ ಕಥೆ ಎಲ್ಲಿ? ಅವನನ್ನು ಕಳಿಸಿಕೊಟ್ಟು ಬಾಗಿಲಲ್ಲಿ ನಿಂತವಳ ಕಥೆ ಎಲ್ಲಿ?

ಮಲಯಾಳಿಗಳು ಇದನ್ನು ಮಾಡಿದ್ದಾರೆ. ಬಹ್ರೇನಿನಲ್ಲಿ ಕೆಲಸಕ್ಕಿದ್ದ ಬೆನ್ಯಾಮಿನ್ 2008ರಲ್ಲಿ 'ಆಡುಜೀವಿತಂ' ಬರೆದರು. 2024ರಲ್ಲಿ ಅದು ಸಿನಿಮಾ ಆಗಿ ಬಂದಾಗ ಅತ್ತವರಲ್ಲಿ ನಮ್ಮವರೂ ಇದ್ದರು. ಅದಕ್ಕೂ ಎಷ್ಟೋ ಮೊದಲು, ಕ್ಯಾಸೆಟ್ಟಿನ ಕಾಲದಲ್ಲೇ, ಎಸ್.ಎ. ಜಮೀಲ್ ಅವರ ದುಬೈ ಕತ್ತು ಪಾಟ್ಟು ನಮ್ಮ ಊರಿನ ಮನೆಗಳಲ್ಲೂ ತಿರುಗುತ್ತಿತ್ತು. ಗಲ್ಫಿನ ಗಂಡನಿಗೆ ಹೆಂಡತಿ ಬರೆದ ಪತ್ರ, ಅದಕ್ಕೆ ಅವನ ಉತ್ತರ. ಆ ಹಾಡು ಕೇಳಿ ಹಣ ಲೆಕ್ಕ ಹಾಕದೆ ಊರಿಗೆ ಹೊರಟವರ ಕಥೆಗಳನ್ನು ಹಳಬರು ಈಗಲೂ ಹೇಳುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ವರ್ಷಕ್ಕೊಮ್ಮೆ 60 ದಿನ ರಜೆ. ಮದುವೆಯಾಗಿ 24 ವರ್ಷ ಇಲ್ಲಿ ದುಡಿದವನಿಗೆ ಸಿಗುವುದು 12 ರಜೆ, ಅಂದರೆ 720 ದಿನ. 24 ವರ್ಷದ ದಾಂಪತ್ಯದಲ್ಲಿ ಒಟ್ಟಿಗೆ ಇದ್ದದ್ದು ಎರಡು ವರ್ಷವೂ ಅಲ್ಲ. ಉಳಿದ ದಿನಗಳಲ್ಲಿ ಅತ್ತೆಯ ಆಸ್ಪತ್ರೆ, ಮಗನ ಶಾಲೆ, ಬ್ಯಾಂಕು, ಮನೆ ಕಟ್ಟುವ ಮೇಸ್ತ್ರಿ, ಮಗಳ ಸಂಬಂಧ, ಎಲ್ಲವನ್ನೂ ನೋಡಿಕೊಂಡವಳು ಅವಳು. ಮನೆಯ ಗೇಟಿನಲ್ಲಿ ಹೆಸರು ನಮ್ಮದು. ಅವಳಿಗೆ ಏನನಿಸಿತು ಅಂತ ನಾವು ಕೇಳಲಿಲ್ಲ, ಅವಳು ವಿಡಿಯೋ ಕಾಲಿನಲ್ಲಿ ಹೇಳಲಿಲ್ಲ. "ಎಲ್ಲ ಸುಖವೇ?" "ಸುಖ." ಅಷ್ಟೇ. ನಮ್ಮ ಕಡೆಯಿಂದಲೂ ಅದೇ ಸುಳ್ಳು. ಸಂಬಳ ಮೂರು ತಿಂಗಳಿಂದ ಬಂದಿಲ್ಲ ಅಂತ ಎಷ್ಟು ಮಂದಿ ಮನೆಯಲ್ಲಿ ಹೇಳಿದ್ದೇವೆ?

ಮೊದಲು ಬಂದ ನಮ್ಮ ಹಿರಿಯರು ಈಗ ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಅನೇಕ ಮಕ್ಕಳಿಗೆ ಬ್ಯಾರಿ ಕಿವಿಗೆ ಗೊತ್ತು, ಕನ್ನಡ ಕಣ್ಣಿಗೆ ಗೊತ್ತಿಲ್ಲ. ಇನ್ನು ಹತ್ತು ವರ್ಷ ಸುಮ್ಮನಿದ್ದರೆ ಹೇಳುವವರೂ ಇರುವುದಿಲ್ಲ, ಓದುವವರೂ ಇರುವುದಿಲ್ಲ. ನಾವು ಕಳಿಸಿದ ದುಡ್ಡಿನ ರಸೀದಿ ಮಾತ್ರ ಉಳಿಯುತ್ತದೆ.

ಆದ್ದರಿಂದ ಈ ಸಂಚಿಕೆಯಿಂದ ಮೂರು ಕೆಲಸಕ್ಕೆ ಕೈಹಾಕುತ್ತಿದ್ದೇವೆ. ಒಂದು, ಬಾನು, ಸಾರಾ, ಬೊಳುವಾರು, ಕಟ್ಪಾಡಿ ಅವರ ಕನ್ನಡ ಪುಸ್ತಕಗಳನ್ನು ಊರಿಂದ ತರಿಸಿ ಕ್ಯಾಂಪಿನಿಂದ ಕ್ಯಾಂಪಿಗೆ ದಾಟಿಸುವುದು. ಶುಕ್ರವಾರ ಜುಮಾ ಮುಗಿಸಿ ಒಬ್ಬ ಓದಿದರೆ ಸಾಕು, ಹತ್ತು ಮಂದಿ ಕೇಳಬಹುದು. ಎರಡು, ನವೆಂಬರಿನ ಶಾರ್ಜಾ ಪುಸ್ತಕ ಮೇಳಕ್ಕೆ ಹೋಗುವವರು ಮಕ್ಕಳನ್ನೂ ಕರೆದುಕೊಂಡು ಹೋಗುವುದು. ಮೂರನೆಯದು ಮುಖ್ಯ: ಮುಂದಿನ ಸಂಚಿಕೆಯಿಂದ ಎರಡು ಪುಟ ನಿಮಗೆ ಬಿಟ್ಟಿದ್ದೇವೆ. ಬರೆಯಲು ಬಾರದಿದ್ದರೆ ಬ್ಯಾರಿಯಲ್ಲೇ ವಾಯ್ಸ್ ಮೆಸೇಜು ಕಳಿಸಿ, ನಾವು ಕನ್ನಡದಲ್ಲಿ ಬರೆದುಕೊಳ್ಳುತ್ತೇವೆ. ಹೆಸರು ಬೇಡ ಅಂದರೆ ಹಾಕುವುದಿಲ್ಲ. ದೀಪಾ ಭಾಸ್ತಿ ಅವರು ಅನುವಾದದಲ್ಲಿ ನಮ್ಮ ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಲಿಲ್ಲ, ಅಡಿಟಿಪ್ಪಣಿಯನ್ನೂ ಹಾಕಲಿಲ್ಲ. ಲಂಡನ್ನಿನಲ್ಲಿ ನಡೆದದ್ದು ಈ ಪುಟಗಳಲ್ಲಿ ನಡೆಯದೇ ಇರುತ್ತದೆಯೇ? ಮನೆಯಲ್ಲಿ ಆಡಿದ ಹಾಗೆಯೇ ಹೇಳಿ.

ಗಂಡಸರಲ್ಲಿ ಒಂದು ವಿನಂತಿ. ಈ ಸಂಚಿಕೆಯನ್ನು ಊರಿಗೂ ಕಳಿಸಿ. ಮನೆಯಾಕೆ ಬರೆದರೆ ಮೊದಲು ತಿದ್ದಲು ಹೋಗಬೇಡಿ, ಪೂರ್ತಿ ಓದಿ. ಅದರಲ್ಲಿ ನಮ್ಮ ಮೇಲೆ ದೂರು ಇರಬಹುದು. ಇರಲಿ. ಕಫನ್ ಮರೆತ ಮೇಲೆ ಅಳುವುದಕ್ಕಿಂತ, ಕೇಳಿದವಳು ಬದುಕಿರುವಾಗಲೇ ಅವಳ ಮಾತು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಅಲ್ಲಾಹು ನಮ್ಮೆಲ್ಲರಿಗೂ ಕೇಳುವ ಕಿವಿ, ಹೇಳುವ ಧೈರ್ಯ ಕೊಡಲಿ. ಆಮೀನ್.