ಭಾಗೀರಥಿ ತ್ಯಾಗದ ಸಂಕೇತವಲ್ಲ

ನಮ್ಮ ಮಕ್ಕಳು ಕೊಳ್ಳುವ ಗೈಡುಗಳಲ್ಲಿ ‘ಕೆರೆಗೆ ಹಾರ’ ಪದ್ಯದ ಕೆಳಗೆ ಒಂದು ಪ್ರಶ್ನೆ ಇರುತ್ತದೆ: ಭಾಗೀರಥಿ ಯಾವುದರ ಸಂಕೇತ? ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ತ್ಯಾಗದ ಸಂಕೇತ. ಎರಡು ಅಂಕ. ಈ ಉತ್ತರ ಬರೆದವರಿಗೆ ಅಂಕ ಕೊಡುವುದು ನನ್ನ ನೌಕರಿ. ಅದನ್ನು ಒಪ್ಪುವುದು ನನ್ನ ನೌಕರಿಯ ಕರಾರಿನಲ್ಲಿ ಎಲ್ಲಿಯೂ ಬರೆದಿಲ್ಲ.

ಈ ‘ಸಂಕೇತ’ ಎಂಬ ಶಬ್ದದ ಮೇಲೆಯೇ ನನಗೆ ಸಿಟ್ಟು. ಶಾಲೆಯಲ್ಲಿ ಅದು ಎರಡು ಅಂಕದ ಉತ್ತರ, ವಿಚಾರಸಂಕಿರಣದಲ್ಲಿ ಇಪ್ಪತ್ತು ಪುಟದ ಪ್ರಬಂಧ. ಎರಡೂ ಕಡೆ ಅದು ಮಾಡುವ ಕೆಲಸ ಒಂದೇ. ಕಥೆಯಲ್ಲಿ ಒಬ್ಬ ಹೆಂಗಸು ಸತ್ತಿರುತ್ತಾಳೆ, ಅವಳು ಇಂಥದ್ದರ ಸಂಕೇತ ಎಂದು ಹೇಳಿ ಹೆಣವನ್ನು ಮುಚ್ಚಿಬಿಡುತ್ತೇವೆ. ಆಮೇಲೆ ಕೊಂದವರು ಯಾರು ಎಂದು ಕೇಳುವ ಗೋಜು ಉಳಿಯುವುದಿಲ್ಲ. ಜನಪದರ ಕರಾಳ ಕಥೆಗಳಲ್ಲಾಗಲಿ, ಪಂಡಿತರು ‘ಮಾಂತ್ರಿಕ ವಾಸ್ತವತೆ’ ಎಂದು ಕರೆಯುವ ಕಾದಂಬರಿಗಳಲ್ಲಾಗಲಿ ಬರುವ ಅದ್ಭುತ ಯಾವುದೋ ಗುಣಕ್ಕೆ ಅಂಟಿಸಿದ ಚೀಟಿ ಎಂದು ನಾನು ನಂಬುವುದಿಲ್ಲ. ದೊಡ್ಡವರು ಬಲಿ ಕೇಳಿದರು, ಉಳಿದವರು ಸುಮ್ಮನಿದ್ದರು, ಆಮೇಲೆ ಆದದ್ದನ್ನು ಆಗಿಯೇ ಇಲ್ಲ ಎಂದರು. ಅದರ ಲೆಕ್ಕ ಉಳಿದಿರುವ ಜಾಗ ಅದು. ರಾಜಕೀಯವೆಂದರೆ ಅದೇ.

‘ಕೆರೆಗೆ ಹಾರ’ವನ್ನೇ ನೋಡಿ. ಎಲ್ಲರಿಗೂ ಗೊತ್ತಿರುವ ಹಾಡು, ಆದ್ದರಿಂದಲೇ ಯಾರೂ ಸರಿಯಾಗಿ ಕೇಳಿಸಿಕೊಳ್ಳದ ಹಾಡು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬೀಳುವುದಿಲ್ಲ. ಹೊತ್ತಿಗೆ ತೆಗೆಸುತ್ತಾರೆ. ಸೊಸೆಯನ್ನು ಹಾರ ಕೊಡಬೇಕೆಂದು ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ನಡೆಸುವವರಿಲ್ಲ, ಆದ್ದರಿಂದ ಕಿರಿಯವಳು. ಇದು ದೈವದ ಮಾತೇ? ಇದು ಮನೆಯ ಖರ್ಚುವೆಚ್ಚದ ಲೆಕ್ಕ. ಯಾರು ಹೋದರೆ ಮನೆಗೆ ಕಡಿಮೆ ನಷ್ಟ ಎಂದು ಎಣಿಸಿ ನೋಡಿದ ಲೆಕ್ಕ. ಭಾಗೀರಥಿಯ ಗಂಡ ಮಾದೇವರಾಯ ದಂಡಿಗೆ ಹೋಗಿದ್ದಾನೆ, ಕೇಳುವವರಿಲ್ಲ.

ಅವಳು ತವರಿಗೆ ಓಡುತ್ತಾಳೆ. ಕಣ್ಣೀರು ಯಾಕೆ ಎಂದು ಕೇಳಿದ ಅಪ್ಪನಿಗೆ ನಿಜ ಹೇಳುವುದಿಲ್ಲ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ನಿಜ ಹೇಳುವುದು ಗೆಳತಿಯ ಮುಂದೆ ಮಾತ್ರ. ಗೆಳತಿಯೂ, ಅವರು ಮನಸ್ಸು ಮಾಡಿದ್ದರೆ ನೀನೇನು ಮಾಡಲಾದೀತು ಎಂಬ ಧಾಟಿಯಲ್ಲಿ ಸಮಾಧಾನ ಹೇಳಿ ಕಳಿಸುತ್ತಾಳೆ. ತ್ಯಾಗ ಮಾಡಲು ಹೊರಟವಳು ಎರಡು ಬಾಗಿಲು ಯಾಕೆ ತಟ್ಟಬೇಕು? ಗೈಡು ಬರೆದವರು ಇದನ್ನು ಹೇಳಲಿ. ಆಮೇಲೆ ಪೂಜೆ, ಊಟ, ಕೆರೆಯಲ್ಲಿ ಮರೆತುಬಂದ ಬಂಗಾರದ ಬಟ್ಟಲು. ಅದನ್ನು ತರಲು ಹೋದವಳು ಭಾಗೀರಥಿ. ಅವಳು ಮೆಟ್ಟಿಲೇರುತ್ತಿದ್ದಂತೆ ನೀರೂ ಏರುತ್ತದೆ, ಪಾದ, ಮೊಣಕಾಲು, ನಡು. ಕಥೆಯಲ್ಲಿ ಇರುವ ಅದ್ಭುತ ಇಷ್ಟೇ. ಉಳಿದದ್ದೆಲ್ಲ ನಮ್ಮ ನಿಮ್ಮ ಮನೆಯ ಮಾತು. ಗಂಡ ದಂಡಿನಿಂದ ಓಡಿ ಬಂದಾಗ ಅತ್ತೆ ಮಾವ ಹೇಳುವುದು ಅವಳು ತವರಿಗೆ ಹೋಗಿದ್ದಾಳೆ ಎಂದು. ತ್ಯಾಗವೇ ಆಗಿದ್ದರೆ ಸುಳ್ಳು ಯಾಕೆ ಬೇಕಾಯಿತು?

ಒಂಬತ್ತನೆಯ ತರಗತಿಯಲ್ಲಿ ಈ ಪದ್ಯ ಹೇಳಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಅಕ್ಕೋರ, ಹಿರಿ ಸೊಸಿ ಮರುದಿನ ಅದೇ ಕೆರಿ ನೀರು ತಂದಳೇನ್ರಿ?” ಇಡೀ ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ನಾನು ಓದಿದ ಯಾವ ವಿಮರ್ಶೆಯಲ್ಲೂ ಇಂಥ ಪ್ರಶ್ನೆ ಇರಲಿಲ್ಲ. ಆ ಹುಡುಗಿ ಮರುವರ್ಷ ಎಸ್ಸೆಸ್ಸೆಲ್ಸಿಗೆ ಬರಲಿಲ್ಲ. ಅಣ್ಣನನ್ನು ಡಿಪ್ಲೊಮಾ ಓದಿಸಬೇಕಿತ್ತು, ಮನೆಯಲ್ಲಿ ಎಮ್ಮೆ ಎರಡಿದ್ದವು. ಅವಳ ಅವ್ವ ನನ್ನ ಮುಂದೆ ಹೇಳಿದ ಮಾತು, “ನಮ್ಮ ಹುಡುಗಿ ಶಾಣ್ಯಾ ಅದಾಳ್ರಿ, ತಾನಾಗೇ ಬಿಟ್ಟಳು.” ತಾನಾಗೇ! ನಾವು ಪಾಠ ಮಾಡಿದ ಸಂಕೇತ ಆ ಮನೆಗೆ ನಮಗಿಂತ ಮೊದಲೇ ಹೋಗಿ ಕೂತಿತ್ತು.

ಇನ್ನು ಪಂಡಿತರ ಕಡೆಗೆ ಬರೋಣ. ಮಾಂತ್ರಿಕ ವಾಸ್ತವತೆಯ ಭಾಷಣ ಎಂದ ಮೇಲೆ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಸ್ ಬರಲೇಬೇಕು. 1967ರ ಅವನ ‘ನೂರು ವರ್ಷಗಳ ಏಕಾಂತ’ ಕಾದಂಬರಿ ಬರಬೇಕು, ಚಾದರ ಹಿಡಿದುಕೊಂಡೇ ಆಕಾಶಕ್ಕೆ ಏರಿಹೋದ ಸುಂದರಿ ರೆಮೆಡಿಯೋಸ್, ಹಳದಿ ಚಿಟ್ಟೆಗಳು ಬರಬೇಕು. ಚಿಟ್ಟೆಗಳ ಮೇಲೆ ಅರ್ಧ ಗಂಟೆ ಮಾತಾಡಿದವರನ್ನು ನಾನು ಕೇಳಿದ್ದೇನೆ. ಆ ಕಾದಂಬರಿಯ ಅತ್ಯಂತ ದೊಡ್ಡ ಮಾಟ ಚಿಟ್ಟೆಗಳದ್ದಲ್ಲ, ನ್ಯಾಯಾಲಯದ್ದು. ಬಾಳೆಯ ತೋಟದ ಕೂಲಿಗಳು ಕಂಪನಿಯ ಮೇಲೆ ದೂರು ಒಯ್ಯುತ್ತಾರೆ. ಕಂಪನಿಗೆ ಕಾಯಂ ಕೂಲಿಗಳೇ ಇಲ್ಲ, ಎಲ್ಲರೂ ತಾತ್ಪೂರ್ತಿಕ, ಆದ್ದರಿಂದ ಕಾನೂನಿನ ಪ್ರಕಾರ ಕೂಲಿಗಳು ಇಲ್ಲವೇ ಇಲ್ಲ ಎಂದು ತೀರ್ಪು ಬರುತ್ತದೆ. ಎದುರಿಗೆ ನಿಂತ ಸಾವಿರಾರು ಮಂದಿ ಒಂದು ಕಾಗದದಿಂದ ಮಾಯ! ಯಾವ ಮಂತ್ರವಾದಿಗೆ ಇಷ್ಟು ಸಾಧ್ಯ?

ಇದನ್ನು ಮಾರ್ಕ್ವೆಸ್ ತನ್ನ ತಲೆಯಿಂದ ಹುಟ್ಟಿಸಲಿಲ್ಲ. ಅವನು 1927ರಲ್ಲಿ ಕೊಲಂಬಿಯಾದ ಅರಕಟಾಕದಲ್ಲಿ ಹುಟ್ಟಿದ. ಅದು ಬಾಳೆತೋಟಗಳ ಸೀಮೆ, ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯ ಕೈಯೊಳಗಿದ್ದ ಸೀಮೆ. ಕಂಪನಿ ಗುತ್ತಿಗೆದಾರರ ಮೂಲಕ ಆಳು ಹಿಡಿದು, ಇವರು ನಮ್ಮ ನೌಕರರಲ್ಲ ಎಂದು ನಿಜವಾಗಿಯೂ ವಾದಿಸುತ್ತಿತ್ತು. 1928ರ ಮುಷ್ಕರದ ಬೇಡಿಕೆಗಳಲ್ಲಿ ವಾರಕ್ಕೊಂದು ರಜೆ ಇತ್ತು, ಪಗಾರದ ಬದಲಿಗೆ ಕಂಪನಿಯ ಅಂಗಡಿಯಲ್ಲಷ್ಟೇ ನಡೆಯುವ ಚೀಟಿ ಕೊಡುವುದನ್ನು ನಿಲ್ಲಿಸಿ ಎಂಬುದೂ ಇತ್ತು. ಆ ವರ್ಷ ಡಿಸೆಂಬರ್ 5ರ ರಾತ್ರಿ ದಾಟಿ 6 ಆಗುವ ಹೊತ್ತಿಗೆ ಸಿಯೆನಾಗ ಊರಿನ ರೈಲುನಿಲ್ದಾಣದ ಬಯಲಿನಲ್ಲಿ ಸೇರಿದ್ದ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. ಜನರಲ್ ಕೊರ್ತೆಸ್ ವರ್ಗಾಸ್ ಒಪ್ಪಿಕೊಂಡದ್ದು 47 ಸಾವು. ಅಮೆರಿಕದ ರಾಯಭಾರ ಕಚೇರಿ ತನ್ನ ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಸಂಖ್ಯೆ ಸಾವಿರ ದಾಟಿತ್ತು. ಕಾದಂಬರಿಯಲ್ಲಿ ಅದು ಮೂರು ಸಾವಿರ. ಹೆಣ ತುಂಬಿದ ರೈಲು ಸಮುದ್ರದ ಕಡೆ ಹೋಗುತ್ತದೆ, ಅದರಿಂದ ಜಿಗಿದು ಬದುಕಿ ಬಂದವನಿಗೆ ಊರಿನವರು ಹೇಳುವುದು, ಇಲ್ಲಿ ಯಾರೂ ಸತ್ತಿಲ್ಲ ಎಂದು. ಆಮೇಲೆ ನಾಲ್ಕು ವರ್ಷ ಹನ್ನೊಂದು ತಿಂಗಳು ಎರಡು ದಿನ ಮಳೆ.

ಮಾಯವಾಗುವುದು ದೂರದ ದೇಶದ ಸುದ್ದಿಯೆಂದು ತಿಳಿಯಬೇಡಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ಅತಿಥಿ ಶಿಕ್ಷಕರು’ ಎಂಬ ಹೆಸರಿನವರಿದ್ದಾರೆ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನನ್ನಷ್ಟೇ ಪಾಠ ಮಾಡುತ್ತಾರೆ, ನನಗಿಂತ ಹೆಚ್ಚು ನೋಟ್‌ಬುಕ್ಕು ತಿದ್ದುತ್ತಾರೆ. ವರ್ಷದ ಕೊನೆಗೆ ಹೆಸರು ಹಾಜರಿಯಿಂದ ಹೋಗುತ್ತದೆ, ಶಾಲೆ ತೆರೆದ ಮೇಲೆ ಮತ್ತೆ ಅತಿಥಿ. ಕೊಡುವುದು ಸಂಬಳವಲ್ಲ, ಗೌರವಧನ. ಅಂಗನವಾಡಿಯವರಿಗೂ ಅದೇ ಶಬ್ದ. ಎಷ್ಟು ಚೆಂದದ ಶಬ್ದ ನೋಡಿ! ಅತಿಥಿಗೆ ಪಿಂಚಣಿ ಕೇಳುವ ಹಕ್ಕು ಎಲ್ಲಿಂದ ಬರಬೇಕು? ನಮ್ಮ ವಿಮರ್ಶಕರು ಮಾಂತ್ರಿಕ ವಾಸ್ತವತೆಯನ್ನು ಹುಡುಕಿಕೊಂಡು ಕೊಲಂಬಿಯಾಕ್ಕೆ ಹೋಗುವ ಮೊದಲು ಇಲಾಖೆಯ ಸುತ್ತೋಲೆಗಳನ್ನು ಓದಬಹುದು.

ಮೂರು ಸಾವಿರ ಎಂಬುದು ಉತ್ಪ್ರೇಕ್ಷೆ, ಇತಿಹಾಸಕ್ಕೆ ಮಾಡಿದ ಅಪಚಾರ ಎನ್ನುವವರಿದ್ದಾರೆ. ಇದು ಹಗುರವಾದ ಆಕ್ಷೇಪವಲ್ಲ, ಇತಿಹಾಸ ಓದಿದ ನನಗೂ ಅದರ ಬೆಲೆ ಗೊತ್ತು. ಆ ಸಂಖ್ಯೆ ಕಾದಂಬರಿಯ ಅಳತೆಗೆ ತಕ್ಕಂತೆ ತಾನೇ ಹಿಗ್ಗಿಸಿದ್ದು ಎಂಬುದನ್ನು ಮಾರ್ಕ್ವೆಸ್ ಮುಚ್ಚಿಡಲಿಲ್ಲ. 2002ರಲ್ಲಿ ಬಂದ ಆತ್ಮಕಥೆಯಲ್ಲಿ ಅವನು ಇನ್ನೊಂದು ಸಂಗತಿ ಬರೆದ. ಆ ದುರಂತದ ಒಂದು ವಾರ್ಷಿಕದ ದಿನ ದೇಶದ ಸೆನೆಟ್‌ನಲ್ಲಿ ಮೂರು ಸಾವಿರ ಹುತಾತ್ಮರಿಗಾಗಿ ಒಂದು ನಿಮಿಷದ ಮೌನ ಕೇಳಲಾಯಿತಂತೆ. ತಪ್ಪು ಸಂಖ್ಯೆ, ನಿಜ. ಆದರೆ ಸರಿಯಾದ ಸಂಖ್ಯೆಯನ್ನು ಯಾರೂ ಎಣಿಸಗೊಡಲಿಲ್ಲವಲ್ಲ, ಅದರ ಜವಾಬ್ದಾರಿ ಕಾದಂಬರಿಕಾರನದೇ? ಹೆಣ ಎಣಿಸುವ ಅಧಿಕಾರ ಇದ್ದವರು ಎಣಿಸದೆ ಬಿಟ್ಟ ಜಾಗದಲ್ಲಿ ಕಥೆ ಹುಟ್ಟುತ್ತದೆ. ಕಥೆಗಾರನಿಗೆ ಲೆಕ್ಕ ಕೇಳುವವರು ಮೊದಲು ಜನರಲ್ಲನಿಗೆ ಕೇಳಲಿ.

ಮಗಳು ಊರಿಗೆ ಬಂದಾಗ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಿನಿಮಾ ತೋರಿಸಿದಳು. ಮೆಕ್ಸಿಕೋದ ಗಿಯೆರ್ಮೊ ದೆಲ್ ತೋರೊ 2006ರಲ್ಲಿ ಮಾಡಿದ ‘ಪ್ಯಾನ್ಸ್ ಲ್ಯಾಬಿರಿಂತ್’. ಕಥೆ ನಡೆಯುವುದು 1944ರ ಸ್ಪೇನಿನಲ್ಲಿ. ಅಂತರ್ಯುದ್ಧ ಗೆದ್ದ ಫ್ರಾಂಕೋನ ಆಳ್ವಿಕೆ, ಕಾಡಿನಲ್ಲಿ ಅಡಗಿ ಹೋರಾಡುವ ಉಳಿದ ಬಂಡುಕೋರರು, ಅವರನ್ನು ಬೇಟೆಯಾಡಲು ಬಂದ ಕ್ಯಾಪ್ಟನ್ ವಿದಾಲ್. ಅವನ ಹೊಸ ಹೆಂಡತಿಯ ಮೊದಲ ಗಂಡನ ಮಗಳು ಒಫೀಲಿಯಾ. ಅವಳಿಗೊಬ್ಬ ಮೇಕೆಗಾಲಿನ ವಿಚಿತ್ರ ಪ್ರಾಣಿ ಸಿಕ್ಕು, ನೀನು ಪಾತಾಳದ ರಾಜಕುಮಾರಿ, ಮೂರು ಪರೀಕ್ಷೆ ಗೆಲ್ಲು ಎನ್ನುತ್ತದೆ. ಆಗ ಸ್ಪೇನಿನಲ್ಲಿ ರೇಷನ್ನು. ಊರಿನವರಿಗೆ ಅಳೆದ ರೊಟ್ಟಿ, ಕ್ಯಾಪ್ಟನ್ನನ ಉಗ್ರಾಣಕ್ಕೆ ಬೀಗ, ಅವನ ಮೇಜಿನ ಮೇಲೆ ಔತಣ. ಕಥೆಯೊಳಗಿನ ಕಥೆಯಲ್ಲೂ ಒಂದು ಮೇಜು, ಮೇಜಿನ ತುಂಬ ಹಣ್ಣು ಮಾಂಸ, ತುದಿಯಲ್ಲಿ ಮಕ್ಕಳನ್ನು ತಿನ್ನುವ ಬಿಳಿಚಿದ ರಾಕ್ಷಸ. ಮೂಲೆಯಲ್ಲಿ ಚಿಕ್ಕ ಚಪ್ಪಲಿ ಬೂಟುಗಳ ರಾಶಿ.

ಆ ರಾಕ್ಷಸ ಚರ್ಚಿನ ಸಂಕೇತ, ಕ್ಯಾಪ್ಟನ್ ಫ್ರಾಂಕೋನ ಸಂಕೇತ ಎಂದು ಪಟ್ಟಿ ಮಾಡಬಹುದು, ಮಾಡಿದ್ದಾರೆ. ತಪ್ಪೆಂದು ನಾನು ಹೇಳಲಾರೆ. ಆದರೆ ಪಟ್ಟಿ ಮಾಡಿದವರು ಕೊನೆಯ ಪರೀಕ್ಷೆಯ ಹತ್ತಿರ ಪೆನ್ನು ಮುಚ್ಚಿಬಿಡುತ್ತಾರೆ. ಪಾತಾಳದ ಬಾಗಿಲು ತೆರೆಯಲು ನಿಷ್ಪಾಪಿಯ ರಕ್ತ ಬೇಕು, ನಿನ್ನ ಕೂಸು ತಮ್ಮನನ್ನು ಕೊಡು, ಒಂದೇ ಹನಿ ಸಾಕು ಎಂದು ಆ ಪ್ರಾಣಿ ಕೇಳುತ್ತದೆ. ನನಗೆ ಅಲ್ಲಿ ಮೈ ಜುಂ ಎಂದಿತು, ಯಾಕೆಂದರೆ ಇದು ನಮ್ಮ ಹೊತ್ತಿಗೆಯ ಮಾತು. ಕೆರೆಗೆ ಹಾರ ಕೊಡು. ಆ ಹುಡುಗಿ ಕೊಡುವುದಿಲ್ಲ. ರಾಜ್ಯ ಹೋದರೆ ಹೋಗಲಿ ಎಂದು ಕೂಸನ್ನು ಎದೆಗೆ ಅವಚಿಕೊಂಡು ನಿಲ್ಲುತ್ತಾಳೆ. ಹಿಂದೆಯೇ ಬಂದ ಕ್ಯಾಪ್ಟನ್ ಅವಳಿಗೆ ಗುಂಡು ಹೊಡೆಯುತ್ತಾನೆ. ಕಲ್ಲನಕೇರಿಯಲ್ಲಿ ಗೌಡ, ಅತ್ತೆ, ಗೆಳತಿ ಯಾರೂ ಆಡದ ‘ಇಲ್ಲ’ ಎಂಬ ಎರಡಕ್ಷರವನ್ನು ಅಲ್ಲಿ ಒಂದು ಚಿಕ್ಕ ಹುಡುಗಿ ಆಡಿತು. ಇದಕ್ಕಿಂತ ದೊಡ್ಡ ರಾಜಕೀಯ ಬೇಕೇ?

ಮಕ್ಕಳಿಗೆ ಇಂಥ ಕ್ರೂರ ಕಥೆ ಬೇಡ, ಅವರ ಕೋಮಲ ಮನಸ್ಸು ಕೆಡುತ್ತದೆ ಎಂದು ತರಬೇತಿಗಳಲ್ಲಿ ನಮಗೆ ಹೇಳುತ್ತಾರೆ. ಕಥೆಯನ್ನು ತೊಳೆದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಗ್ರಿಮ್ ಸೋದರರ ಉದಾಹರಣೆ ಇದೆ. ಹ್ಯಾನ್ಸೆಲ್ ಗ್ರೆಟೆಲ್ ಕಥೆಯಲ್ಲಿ ಹೊಟ್ಟೆಗಿಲ್ಲದ ಮನೆಯವರು ಮಕ್ಕಳನ್ನು ಕಾಡಿಗೆ ಬಿಡುತ್ತಾರೆ. 1812ರ ಮೊದಲ ಮುದ್ರಣದಲ್ಲಿ ಹಾಗೆ ಬಿಡೋಣವೆನ್ನುವವಳು ಹೆತ್ತ ತಾಯಿ. ಮುಂದಿನ ಮುದ್ರಣಗಳಲ್ಲಿ ಅವಳು ಮಲತಾಯಿಯಾದಳು. ಓದುವ ಮನೆಗಳಿಗೆ ಸಮಾಧಾನವಾಯಿತು. ಹೆತ್ತವಳೇ ಮಕ್ಕಳನ್ನು ಬಿಡಬೇಕಾದ ಹಸಿವು ಎಂಥದು, ಆ ಹಸಿವನ್ನು ತಂದವರು ಯಾರು ಎಂಬ ಪ್ರಶ್ನೆ ಹೋಗಿ ಕೆಟ್ಟ ಹೆಂಗಸೊಬ್ಬಳು ಉಳಿದಳು. ತೊಳೆಯುವವರ ಕೈಯಲ್ಲಿ ಕ್ರೌರ್ಯ ಕಡಿಮೆಯಾಗುವುದಿಲ್ಲ, ಅಪರಾಧಿ ಮಾತ್ರ ಬದಲಾಗುತ್ತಾನೆ. ಇಲ್ಲ, ಬದಲಾಗುತ್ತಾಳೆ.

ನಮ್ಮ ಪ್ರಗತಿಪರ ಗೆಳೆಯರಿಗೂ ಒಂದು ಮಾತು. ಅದ್ಭುತವೆಲ್ಲ ಜನರಿಗೆ ಹಾಕುವ ಜೋಗುಳ, ವಾಸ್ತವವಾದವೊಂದೇ ಎಚ್ಚರಿಸುವುದು ಎನ್ನುತ್ತಾರೆ ಇವರು. ಆಳುವವರು ಕಥೆಗಳನ್ನು ಬಳಸಿಕೊಳ್ಳುವುದು ಸುಳ್ಳಲ್ಲ. ಹಿಟ್ಲರನ ಜರ್ಮನಿ ಅದೇ ಗ್ರಿಮ್ ಕಥೆಗಳನ್ನು ಜನಾಂಗದ ಹೆಮ್ಮೆ ಬೆಳೆಸಲು ಶಾಲೆಗಳಲ್ಲಿ ಬಳಸಿತು. ಆದರೆ ಅಂಥವರ ಕೈಗೆ ಸಿಕ್ಕಿತೆಂದು ಕಥೆಯನ್ನೇ ಅವರಿಗೆ ಬಿಟ್ಟುಕೊಡುವುದು ಯಾವ ಬಂಡಾಯ? ಪರಕೀಯ ಹೆಸರು ಅಂಟಿಸುವುದೂ ಬಿಟ್ಟುಕೊಡುವುದೇ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಬಂದ ಮೇಲೆ, ಅದರ ಜೋತಮ್ಮಂದಿರು ಮಾತಾಡಿದ್ದಕ್ಕೆ ಲ್ಯಾಟಿನ್ ಅಮೆರಿಕದ ಪ್ರಭಾವ ಹುಡುಕಿದವರಿದ್ದಾರೆ. ದೀಪಗಳು ರಾತ್ರಿ ಕೂಡಿ ಮನೆಮನೆಯ ಸುದ್ದಿ ಆಡುವುದು ನಮ್ಮ ಅಜ್ಜಿಯರ ಕಥೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಯೊಂದರಲ್ಲಿ ಅದು ಬರುತ್ತದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ (1988) ಗುಡಿಗೆ ಬಂದು ಹರಟುವ ದೀಪಗಳೂ ಇಂಥ ಕಥೆಗಳಿಂದ ಬಂದವೇ. ಒಬ್ಬಳು ಗೃಹಿಣಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಒಳಗೆ ಉಸಿರುಗಟ್ಟಿದ ಅವೆರಡೂ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಒಂದು ಬಾಗಿಲಲ್ಲಿ ಗಂಡಸಿನ ಪಾದರಕ್ಷೆಯಾಯಿತು, ಇನ್ನೊಂದು ಗೂಟಕ್ಕೆ ತೂಗಿದ ಕೋಟಾಯಿತು. ಗಂಡ ಬಂದು ನೋಡಿದ. ಯಾರು ಬಂದಿದ್ದರು ಎಂದು ಕೇಳಿದ. ಅವಳಿಗೆ ಗೊತ್ತಿಲ್ಲ. ಜಗಳವಾಡಿ ಅವನು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿದ ಮೇಲೆ ಅಲ್ಲಿಗೆ ಬಂದು ಸೇರಿದವು. ಆ ಮನೆಯ ದೀಪ ತಡವಾಗಿ ಬಂದು ಕಾರಣ ಹೇಳಿತು. ಕೇಳಿಸಿಕೊಂಡ ಗಂಡ ಬೆಳಿಗ್ಗೆ ಮನೆಗೆ ಹೋಗಿ ಆ ಕಥೆ ಯಾವುದು, ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದ. ಅಷ್ಟರಲ್ಲಿ ಅವಳು ಎರಡನ್ನೂ ಮರೆತಿದ್ದಳು.