ರಸ್ತೆ ಮುಗಿದಲ್ಲಿ ನೆರವೂ ಮುಗಿಯಬೇಕೆ?

ಭೂಮಿ ನಡುಗಿದಾಗ ಬಡವ-ಬಲ್ಲಿದರೆಂಬ ಭೇದ ಉಳಿಯದು ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಅದು ಅರ್ಧ ಮಾತ್ರ ನಿಜ. ಮಣ್ಣು-ಕಲ್ಲಿನ ಗೋಡೆಯ ಮನೆ ಮೊದಲು ಬೀಳುತ್ತದೆ, ಕಬ್ಬಿಣ-ಸಿಮೆಂಟಿನ ಮನೆ ಬಹುಮಟ್ಟಿಗೆ ನಿಲ್ಲುತ್ತದೆ. ನೆಲ ನಿಂತ ಮೇಲೆ ನೆರವು ಹಂಚುವ ಕಾರ್ಯ ಆರಂಭವಾಗುತ್ತದಲ್ಲ, ಆಗಂತೂ ಭೇದ ಇನ್ನೂ ಸ್ಪಷ್ಟವಾಗಿ ಗೋಚರಿಸುತ್ತದೆ. ನಮ್ಮ ನೆರೆಯ ನೇಪಾಳದ ಅನುಭವ ಈ ವಿಷಯದಲ್ಲಿ ನಮಗೆ ಕಲಿಸುವುದು ಬಹಳಷ್ಟಿದೆ.

2015ರ ಏಪ್ರಿಲ್ 25ರ ಶನಿವಾರ, ನಡುಹಗಲಿಗೆ ಇನ್ನು ಕೆಲವೇ ನಿಮಿಷಗಳಿದ್ದಾಗ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ 7.8ರ ತೀವ್ರತೆಯ ಭೂಕಂಪ ಸಂಭವಿಸಿತು. ಮೇ 12ರಂದು 7.3ರ ಮತ್ತೊಂದು ಕಂಪನವಾಯಿತು. ಸುಮಾರು 9 ಸಾವಿರ ಜನ ಮಡಿದರು, 22 ಸಾವಿರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸುಮಾರು 5 ಲಕ್ಷ ಮನೆಗಳು ಪೂರ್ಣವಾಗಿ ನೆಲಸಮವಾದವು. ಶನಿವಾರ ಅಲ್ಲಿ ವಾರದ ರಜೆಯಾದ್ದರಿಂದ ಶಾಲೆಗಳು ಮುಚ್ಚಿದ್ದವು. ಅಸಂಖ್ಯ ಮಕ್ಕಳ ಪ್ರಾಣ ಉಳಿಯಿತು. ಅದೇ ರಜೆಯ ದಿನ ಕ್ರೈಸ್ತರು ಆರಾಧನೆಗೆ ಕೂಡುವ ದಿನವೂ ಆಗಿದ್ದುದರಿಂದ ಕುಸಿದ ಪ್ರಾರ್ಥನಾಲಯಗಳಲ್ಲಿ ಹಲವರು ಜೀವ ತೆತ್ತರು.

ಜಗತ್ತಿನ ಕಣ್ಣೆಲ್ಲ ಕಠ್ಮಂಡುವಿನ ಮೇಲಿತ್ತು. ಉರುಳಿಬಿದ್ದ ಧರಹರಾ ಗೋಪುರದ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲಿಯೂ ಅಚ್ಚಾದವು. ಆದರೆ ಅತಿ ಹೆಚ್ಚು ಜನ ಸತ್ತದ್ದು ರಾಜಧಾನಿಯಲ್ಲಲ್ಲ, ಸಿಂಧುಪಾಲ್‌ಚೋಕ್ ಎಂಬ ಗುಡ್ಡಗಾಡು ಜಿಲ್ಲೆಯಲ್ಲಿ. ಅಲ್ಲಿ ಮಡಿದವರ ಸಂಖ್ಯೆ ಮೂರು ಸಾವಿರವನ್ನು ಮೀರಿತು. ರಸುವಾ ಜಿಲ್ಲೆಯ ಲಾಂಗ್‌ಟಾಂಗ್ ಎಂಬ ಊರು ಹಿಮ ಮತ್ತು ಬಂಡೆಗಳ ರಾಶಿಯಡಿ ಹೂತುಹೋಯಿತು. ನೆರವು ಮಾತ್ರ ಮೊದಲು ವಿಮಾನ ಇಳಿಯುವಲ್ಲಿಗೆ, ಆಮೇಲೆ ಲಾರಿ ಹೋಗುವಲ್ಲಿಗೆ ಹೋಯಿತು. ಅದರಾಚೆಯವರು ಕಾದರು.

ಇದಕ್ಕೆ ಕಾರಣಗಳಿಲ್ಲದಿರಲಿಲ್ಲ. ಇಡೀ ದೇಶಕ್ಕೆ ಆಗ ಇದ್ದುದು ಒಂದೇ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ಅದರ ಓಡುಹಾದಿ ಹಾಳಾಗತೊಡಗಿದ್ದರಿಂದ ಮೇ ತಿಂಗಳ ಆರಂಭದಲ್ಲಿ ಭಾರಿ ವಿಮಾನಗಳನ್ನು ತಡೆಯಬೇಕಾಯಿತು. ಸುಂಕದ ತಪಾಸಣೆಯಲ್ಲಿ ಸರಕು ತಡವಾಗುತ್ತಿದೆಯೆಂದು ವಿಶ್ವಸಂಸ್ಥೆಯ ಅಧಿಕಾರಿಗಳೇ ಹೇಳಬೇಕಾಯಿತು. ಭೂಕುಸಿತಗಳಿಂದ ದಾರಿಗಳು ಮುಚ್ಚಿಹೋಗಿದ್ದವು, ಮಳೆಗಾಲ ಹತ್ತಿರವಾಗಿತ್ತು. ಇಂಥ ಸಂದರ್ಭದಲ್ಲಿ ಹತ್ತಿರದವರಿಗೆ ಬೇಗ ಹಂಚಿ ಹೆಚ್ಚು ಜನರನ್ನು ಉಳಿಸುವುದೇ ವಿವೇಕವೆಂದು ವಾದಿಸುವವರುಂಟು. ಮೊದಲ ಎರಡು-ಮೂರು ದಿನಗಳ ಮಟ್ಟಿಗೆ ಆ ವಾದವನ್ನು ನಾವು ಒಪ್ಪುತ್ತೇವೆ. ಅವಶೇಷದಡಿ ಉಸಿರಾಡುತ್ತಿರುವವನನ್ನು ಬಿಟ್ಟು ಲೆಕ್ಕಾಚಾರ ಹಾಕುತ್ತ ಕೂರಲಾಗದು. ಆದರೆ ಮೊದಲ ವಾರದ ಅನಿವಾರ್ಯತೆಯು ಮೊದಲ ತಿಂಗಳ ಅಭ್ಯಾಸವಾಗಿ, ಮೊದಲ ವರ್ಷದ ನೀತಿಯಾಗಿ ನಿಂತುಬಿಟ್ಟರೆ ಅದನ್ನು ವಿವೇಕವೆನ್ನಲಾಗದು. ಅದು ಬರಿಯ ಸೌಕರ್ಯ.

ರಸ್ತೆಯಿಲ್ಲವೆಂಬುದು ಕೊನೆಯ ಉತ್ತರವಲ್ಲವೆಂದು ನೇಪಾಳದಲ್ಲಿಯೇ ಸಿದ್ಧವಾಯಿತು. ವಿಶ್ವ ಆಹಾರ ಕಾರ್ಯಕ್ರಮವು ಚಾರಣದ ಹಾದಿಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಹೊರೆಯಾಳುಗಳನ್ನೂ ಹೇಸರಗತ್ತೆಗಳನ್ನೂ ಗೊತ್ತುಮಾಡಿ, ಹಾಳಾದ ಕಾಲುದಾರಿಗಳನ್ನು ದುರಸ್ತಿಗೊಳಿಸಿ, ಅಕ್ಕಿ ಮತ್ತು ತಗಡುಗಳನ್ನು ಬೆಟ್ಟದ ಊರುಗಳಿಗೆ ತಲುಪಿಸಿತು. ಪ್ರವಾಸಿಗರಿಲ್ಲದೆ ಕೆಲಸ ಕಳೆದುಕೊಂಡಿದ್ದ ಆ ಹೊರೆಯಾಳುಗಳಿಗೆ ಕೂಲಿಯೂ ದೊರೆಯಿತು. ಒಂದೇ ಹಣ ಎರಡು ಹಸಿವನ್ನು ನೀಗಿಸಿತು.

ದೂರದ ಹಳ್ಳಿಗೆ ಹೇಗೋ ಹೋಗಬಹುದು. ಹಳ್ಳಿಯೊಳಗೇ ಇರುವ ದೂರವನ್ನು ದಾಟುವುದು ಇನ್ನೂ ಕಷ್ಟ. ಜಾತಿ, ಬುಡಕಟ್ಟು, ಲಿಂಗಗಳ ಕಾರಣದಿಂದ ನೆರವು ಎಲ್ಲರಿಗೂ ಸಮನಾಗಿ ತಲುಪುತ್ತಿಲ್ಲವೆಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ 2015ರಲ್ಲಿಯೇ ಎಚ್ಚರಿಸಿತ್ತು. ಊರಿನ ಪ್ರಮುಖರು ಪಟ್ಟಿ ಬರೆದಾಗ ದಲಿತರ ಕೇರಿ ಕೊನೆಯ ಪುಟಕ್ಕೆ ಸರಿಯುವುದು ನಮಗೇನೂ ಹೊಸ ಸಂಗತಿಯಲ್ಲ. ದುಡಿಯಲು ಪರದೇಶಕ್ಕೆ ಹೋದ ಗಂಡನ ಹೆಸರಿನಲ್ಲಿ ಎಲ್ಲ ಕಾಗದಗಳೂ ಇರುವಾಗ, ಮನೆ ಕಾಯುತ್ತಿರುವ ಹೆಂಗಸಿನ ಮಾತಿಗೆ ಬೆಲೆ ಕೊಡುವವರಾರು?

ಕಾಗದದ ತೊಡಕು ಮನೆ ಕಟ್ಟುವ ಹಂತದಲ್ಲಿ ಇನ್ನೂ ಬಿಗಿಯಾಯಿತು. 2015ರ ಜೂನ್ 25ರಂದು ಕಠ್ಮಂಡುವಿನಲ್ಲಿ ನಡೆದ ಸಮಾವೇಶದಲ್ಲಿ ದಾನಿ ರಾಷ್ಟ್ರಗಳು 400 ಕೋಟಿ ಡಾಲರಿಗೂ ಹೆಚ್ಚು ನೆರವಿನ ಭರವಸೆಯಿತ್ತವು. ಅದರಲ್ಲಿ ಭಾರತದ ಪಾಲು 100 ಕೋಟಿ ಡಾಲರ್. ಹೀಗಿದ್ದೂ ಪುನರ್ನಿರ್ಮಾಣ ಪ್ರಾಧಿಕಾರ ಕಾರ್ಯೋನ್ಮುಖವಾದದ್ದು ಆ ವರ್ಷದ ಡಿಸೆಂಬರಿನ ಬಳಿಕ. ಮೊದಲು 2 ಲಕ್ಷ, ಆಮೇಲೆ 3 ಲಕ್ಷ ನೇಪಾಳಿ ರೂಪಾಯಿಗೆ ಏರಿದ ಮನೆ ಸಹಾಯಧನವನ್ನು ಕಂತುಗಳಲ್ಲಿ ಪಡೆಯಲು ಭೂಮಿಯ ಹಕ್ಕುಪತ್ರ ಬೇಕಿತ್ತು. ತಲೆಮಾರುಗಳಿಂದ ಒಡೆಯರ ಹೊಲದಂಚಿನಲ್ಲಿ ಗುಡಿಸಲು ಕಟ್ಟಿಕೊಂಡವನು ಹಕ್ಕುಪತ್ರವನ್ನು ಎಲ್ಲಿಂದ ತಂದಾನು? ಭೂಹೀನರಿಗಾಗಿ ಬೇರೆ ವ್ಯವಸ್ಥೆಯಾಗುವ ಹೊತ್ತಿಗೆ ಅನೇಕ ಚಳಿಗಾಲಗಳು ಕಳೆದಿದ್ದವು.

ಇದು ನೇಪಾಳದ ದೋಷವೆಂದು ಬೆರಳು ತೋರುವ ಅಧಿಕಾರ ನಮಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಬೀದರ್-ಕಲಬುರಗಿಗಳನ್ನೂ ನಡುಗಿಸಿದ ಕಿಲ್ಲಾರಿಯ ಭೂಕಂಪವನ್ನು ಹಿರಿಯ ಓದುಗರು ಮರೆತಿರಲಾರರು. ಅಲ್ಲಿ ಮರಳಿ ಕಟ್ಟಿದ ಮನೆಗಳ ಅಳತೆ ಕುಟುಂಬದ ಜನಸಂಖ್ಯೆಯನ್ನು ಅನುಸರಿಸಲಿಲ್ಲ, ಹಿಡುವಳಿಯನ್ನು ಅನುಸರಿಸಿತು. ಭೂಹೀನರಿಗೂ ಅತಿ ಸಣ್ಣ ರೈತರಿಗೂ 250 ಚದರ ಅಡಿ, ನಡುವಿನವರಿಗೆ 450, ದೊಡ್ಡ ಹಿಡುವಳಿದಾರರಿಗೆ 750 ಚದರ ಅಡಿ. ಭೂಕಂಪ ಸಮ ಮಾಡಿದ್ದ ನೆಲದ ಮೇಲೆ ಹಳೆಯ ಏಣಿಯನ್ನೇ ಹೊಸದಾಗಿ ನಿಲ್ಲಿಸಿದಂತಾಯಿತು.

ಹಾಗಾದರೆ ಧರ್ಮಸಭೆಯ ಪಾತ್ರವೇನು? ನೇಪಾಳದಲ್ಲಿ ಕಥೋಲಿಕರು ಕೆಲವೇ ಸಾವಿರ ಮಂದಿ. ಅಷ್ಟು ಚಿಕ್ಕ ಸಮುದಾಯದ ಸೇವಾ ಸಂಸ್ಥೆಯಾದ ಕಾರಿತಾಸ್ ನೇಪಾಳ, ಹೊರದೇಶಗಳ ಕಾರಿತಾಸ್ ಬಳಗದ ಬೆಂಬಲದಿಂದ ಗೋರ್ಖಾ, ಸಿಂಧುಪಾಲ್‌ಚೋಕ್ ಮೊದಲಾದ ಜಿಲ್ಲೆಗಳಲ್ಲಿ ದುಡಿಯಿತು. ನೆರವು ಪಡೆದವರಲ್ಲಿ ಬಹುತೇಕರು ಹಿಂದೂಗಳು, ಬೌದ್ಧರು. ಇದು ಸಹಜವೂ ನ್ಯಾಯವೂ ಆದ ಸಂಗತಿ. ವಿಪತ್ತು ನೆರವಿಗೆ ಸಂಬಂಧಿಸಿ 1994ರಲ್ಲಿ ರೆಡ್‌ಕ್ರಾಸ್ ಬಳಗ ಹಾಗೂ ಸ್ವಯಂಸೇವಾ ಸಂಸ್ಥೆಗಳು ಒಪ್ಪಿದ ನಡವಳಿಕೆಯ ಸಂಹಿತೆಗೆ ಕಾರಿತಾಸ್ ಕೂಡ ಪ್ರಾಯೋಜಕ ಸಂಸ್ಥೆ. ನೆರವಿಗೆ ಅಗತ್ಯವೊಂದೇ ಅಳತೆಗೋಲು, ಅದನ್ನು ಯಾವುದೇ ಮತದ ಪ್ರಚಾರಕ್ಕೆ ಬಳಸಬಾರದು ಎಂಬುದು ಅದರ ತಿರುಳು. ಹಸಿದವನ ಮುಂದೆ ಅನ್ನದ ಜೊತೆಗೆ ಷರತ್ತನ್ನೂ ಬಡಿಸಿದರೆ ಅನ್ನವೂ ಕೆಡುತ್ತದೆ, ಸಾಕ್ಷ್ಯವೂ ಕೆಡುತ್ತದೆ. ಯೇಸುಸ್ವಾಮಿ ಹೇಳಿದ ಸಮಾರಿಯದವನ ಸಾಮತಿಯಲ್ಲಿ ಗಾಯಗೊಂಡವನ ಕುಲಗೋತ್ರವನ್ನು ಯಾರೂ ವಿಚಾರಿಸುವುದಿಲ್ಲ. ಅಲ್ಲಿ ದಾರಿಹೋಕನು ನಿಂತು ನೋಡಿದ, ಮುಂದಿನ ದಿನಗಳ ಖರ್ಚನ್ನೂ ಹೊತ್ತುಕೊಂಡ. ಆ ಎರಡನೆಯ ಅಂಶವನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ.

ಭೂಕಂಪದ ಮರುವಾರ ನಮ್ಮ ಧರ್ಮಕೇಂದ್ರಗಳಲ್ಲಿ ವಿಶೇಷ ಕಾಣಿಕೆ ಎತ್ತುವುದು ವಾಡಿಕೆ. ಕುಟುಂಬಗಳು ಉದಾರವಾಗಿಯೇ ಕೊಡುತ್ತವೆ. ಉಟ್ಟು ಬಿಟ್ಟ ಬಟ್ಟೆಯ ಮೂಟೆಗಳೂ ಬರುತ್ತವೆ. ಅವುಗಳಲ್ಲಿ ಎಷ್ಟೋ ಮೂಟೆಗಳು ಬೇಕಾದ ಸಾಮಗ್ರಿಯ ದಾರಿಗೆ ಅಡ್ಡವಾಗುತ್ತವೆಂಬುದು ಪರಿಹಾರ ಕಾರ್ಯದವರ ಅನುಭವ. ಬಟ್ಟೆಗಿಂತ ಹಣ ಹಗುರ. ಅದು ಬೆಟ್ಟ ಹತ್ತಬಲ್ಲದು. ಕೊಡುವಾಗ ನಾವು ಎರಡು ಪ್ರಶ್ನೆಗಳನ್ನು ಕೇಳಬೇಕು. ಈ ಹಣ ರಸ್ತೆ ಮುಗಿದ ಮೇಲಿನ ಊರಿಗೂ ಹೋಗುವುದೆ? ಊರಿನ ಪಟ್ಟಿಯನ್ನು ಬರೆದವರು ಕೊನೆಯ ಕೇರಿಗೆ ಕಾಲಿಟ್ಟು ಬರೆದರೆ? ಹೀಗೆ ಕೇಳುವುದನ್ನು ಅಪನಂಬಿಕೆಯೆಂದು ಯಾರೂ ತಿಳಿಯಬೇಕಿಲ್ಲ. ಕೊಟ್ಟವನ ಕರ್ತವ್ಯ ಕೊಡುವುದರೊಂದಿಗೆ ಮುಗಿಯುವುದಿಲ್ಲ.

ಇನ್ನೊಂದು ಮಾತು. ಬೆಂಗಳೂರು, ಮಂಗಳೂರುಗಳ ಹೋಟೆಲುಗಳಲ್ಲಿ, ಕಟ್ಟಡಗಳ ಕಾವಲಿನಲ್ಲಿ ನೇಪಾಳದ ಎಷ್ಟೋ ಮಂದಿ ದುಡಿಯುತ್ತಾರೆ. 2023ರ ನವೆಂಬರ್ 3ರ ರಾತ್ರಿ ಪಶ್ಚಿಮ ನೇಪಾಳದ ಜಾಜರಕೋಟ್ ಮತ್ತು ಪಶ್ಚಿಮ ರುಕುಮ್ ಜಿಲ್ಲೆಗಳಲ್ಲಿ ಭೂಕಂಪವಾಗಿ 150ಕ್ಕೂ ಹೆಚ್ಚು ಜನ ಸತ್ತಾಗ, ಸಾವಿರಾರು ಕುಟುಂಬಗಳು ತಾತ್ಕಾಲಿಕ ಆಸರೆಗಳಲ್ಲಿಯೇ ಚಳಿಗಾಲ ಕಳೆದಾಗ, ಜಗತ್ತು ಬಹುಬೇಗ ಕಣ್ಣು ತಿರುಗಿಸಿತು. ನಮ್ಮ ಗೇಟಿನ ಬಳಿ ನಿಂತಿರುವ ಕಾವಲಿನವನ ಊರು ಯಾವುದೆಂದು ವಿಚಾರಿಸಿದವರೆಷ್ಟು ಮಂದಿ? ಅವನನ್ನು ಕೇಳಿದರೆ ನಕ್ಷೆಯಲ್ಲಿಲ್ಲದ ಹಳ್ಳಿಗೂ ದಾರಿ ಸಿಕ್ಕೀತು.

ಮುಂದಿನ ಭೂಕಂಪ ಎಲ್ಲಿ, ಎಂದು ಎಂಬುದನ್ನು ಯಾರೂ ಹೇಳಲಾರರು. ಅಂದು ಯಾರು ಪಟ್ಟಿಯಿಂದ ಬಿಟ್ಟುಹೋಗುತ್ತಾರೆಂಬುದನ್ನು ಮಾತ್ರ ನಾವು ಇಂದೇ ಹೇಳಬಲ್ಲೆವು. ನೆಲವಿಲ್ಲದವರು, ಕಾಗದವಿಲ್ಲದವರು, ಊರಾಚೆಯವರು, ಒಂಟಿ ಹೆಂಗಸರು, ಮುದುಕರು. ಹೆಸರುಗಳು ಗೊತ್ತಿರುವಾಗ ಪಟ್ಟಿಯನ್ನು ಅವರಿಂದಲೇ ಆರಂಭಿಸಲು ಅಡ್ಡಿಯೇನು? ಕಡೆಯವರಿಂದ ಎಣಿಸುವ ರೂಢಿಯನ್ನು ನಮ್ಮ ಕುಟುಂಬಗಳು, ನಮ್ಮ ಧರ್ಮಕೇಂದ್ರಗಳು ವಿಪತ್ತಿಲ್ಲದ ದಿನಗಳಲ್ಲಿಯೇ ಬೆಳೆಸಿಕೊಳ್ಳಲಿ.