ಹೊರಡುವುದಕ್ಕೂ ತಾಲೀಮು ಬೇಕು
ಕ್ಯಾಲಿಫೋರ್ನಿಯದ ಪ್ಯಾರಡೈಸ್ ಎಂಬ ಗುಡ್ಡದೂರು ಕಾಳ್ಗಿಚ್ಚಿನ ವಿಷಯದಲ್ಲಿ ಮೈಮರೆತು ಕೂತಿರಲಿಲ್ಲ. ಊರನ್ನು ವಲಯಗಳಾಗಿ ಹಂಚಿ, ಯಾರು ಯಾವಾಗ ಹೊರಡಬೇಕೆಂದು ಮೊದಲೇ ಗೊತ್ತುಮಾಡಿದ್ದರು, ತಾಲೀಮೂ ನಡೆದಿತ್ತು. ಆದರೆ 2018ರ ನವೆಂಬರ್ 8ರ ಬೆಳಿಗ್ಗೆ ವಿದ್ಯುತ್ ತಂತಿಯಿಂದ ಹೊತ್ತಿದ ಬೆಂಕಿ ಗಾಳಿಯ ಬೆನ್ನೇರಿ ಬಂದಾಗ ಒಂದೊಂದೇ ವಲಯವನ್ನು ಕಳಿಸುವಷ್ಟು ಪುರುಸೊತ್ತು ಸಿಗಲಿಲ್ಲ. ಎಲ್ಲರೂ ಒಟ್ಟಿಗೆ ರಸ್ತೆಗಿಳಿದರು, ಕಾರುಗಳು ಸಾಲುಗಟ್ಟಿ ನಿಂತವು. ಫೋನ್ ಎಚ್ಚರಿಕೆಗೆ ಹೆಸರು ನೋಂದಾಯಿಸದ ಅನೇಕರಿಗೆ ಸುದ್ದಿಯೇ ಮುಟ್ಟಲಿಲ್ಲ. ಸತ್ತ 85 ಮಂದಿಯಲ್ಲಿ ಹೆಚ್ಚಿನವರು ವಯಸ್ಸಾದವರು. ಕ್ಯಾಲಿಫೋರ್ನಿಯದ ಇಂಥ ಊರುಗಳಲ್ಲಿ ಮನೆಯ ಸುತ್ತ 100 ಅಡಿಯವರೆಗೆ ಒಣಹುಲ್ಲು ಸವರಿ, ಸೂರಿನ ದೋಣಿಯಲ್ಲಿ ಕೂತ ತರಗೆಲೆ ತೆಗೆಯಿರಿ, ಬೆಂಕಿಕಾಲದಲ್ಲಿ ಕಸ ಸುಡಬೇಡಿ ಎಂಬ ನಿಯಮಗಳು ಕಿರಿಕಿರಿಯೇ, ಆದರೂ ಪಾಲಿಸಬಹುದು. ಪಾಸ್‌ಪೋರ್ಟು, ಔಷಧಿ, ಕನ್ನಡಕ ತುಂಬಿದ ಚೀಲವನ್ನು ಬಾಗಿಲ ಬಳಿ ಇಡುವುದೂ ಸುಲಭ. ಕಷ್ಟದ್ದು ಬೇರೆ ಇದೆ. ಅಲ್ಲಿನ ಗುಡ್ಡದಂಚಿನಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ, ಊರಿಂದ ಬಂದ ಅಪ್ಪ ಅಮ್ಮ ಹಗಲಿಡೀ ಇಬ್ಬರೇ ಇರುತ್ತಾರೆ. ಅವರಿಗೆ ಕಾರು ಓಡಿಸಲು ಬಾರದು. ಎಚ್ಚರಿಕೆ ಬರುವುದು ಆಫೀಸಿನಲ್ಲಿರುವ ಮಗನ ಫೋನಿಗೆ. ಅವರನ್ನು ಯಾರ ಕಾರು ಹತ್ತಿಸುವುದು ಎಂದು ಪಕ್ಕದ ಮನೆಯವರೊಂದಿಗೆ ಇವತ್ತೇ ಮಾತಾಡಿಕೊಳ್ಳುವುದು ವಾಸಿ.